ಇಫ್ ಎಲ್ಲಿ, ಕೇಸ್ ಎಲ್ಲಿ? ಹಾಲಿನ ಬಟವಾಡೆಯಲ್ಲಿ ಕಾಣೆಯಾದ ರೂಪಾಯಿಗಳು

ಪ್ರಶ್ನೆ: ನಮ್ಮೂರಿನ ಹಾಲಿನ ಡೇರಿಗೆ ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಮೊದಲು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿತ್ತು, ಈಚೆಗೆ ಎಸ್‌ಕ್ಯೂಎಲ್ ಸರ್ವರ್‌ಗೆ ಬದಲಾಯಿಸಿದೆ. ಫ್ಯಾಟ್ (ಹಾಲಿನ ಕೊಬ್ಬಿನ ಅಂಶ) ನೋಡಿ ದರ ಹಾಕುವ ಸ್ಟೋರ್ಡ್ ಪ್ರೊಸೀಜರ್‌ನಲ್ಲಿ (ಡೇಟಾಬೇಸ್ ಒಳಗೇ ಇಟ್ಟ ಕೋಡ್) ಸೆಲೆಕ್ಟ್ ಒಳಗೆ ಇಫ್ ಬರೆದರೆ ಎರರ್ ಬಂತು. ಕೇಸ್ ಹಾಕಿದೆ, ಓಡಿತು. ಆದರೆ ಕಳೆದ ವಾರದ ಬಟವಾಡೆಯಲ್ಲಿ ಕೆಲವು ರೈತರಿಗೆ ದುಡ್ಡು ಕಮ್ಮಿ ಬಂದಿದೆ. ಎರರ್ ಏನೂ ಇಲ್ಲ. ಅದೇ ವಾರ ಹೊಸ ಫ್ಯಾಟ್ ಮಷಿನ್ ಬಂದಿದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ. ಇನ್ನೊಂದು, ಊರು ಮತ್ತು ತಾರೀಖು ಕೊಟ್ಟರೂ ಕೊಡದಿದ್ದರೂ ಓಡಬೇಕಾದ ರಿಪೋರ್ಟ್ ಪ್ರೊಸೀಜರ್ ತುಂಬಾ ನಿಧಾನ. ಇಫ್ ಎಲ್ಲಿ ಬಳಸಬೇಕು, ಕೇಸ್ ಎಲ್ಲಿ ಬಳಸಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು ಕಳಿಸಿದ ಕೋಡ್ ಪೂರ್ತಿ ಓದಿದೆ. ಹೊಸ ಮಷಿನ್‌ಗೂ ಕಮ್ಮಿಯಾದ ದುಡ್ಡಿಗೂ ಖಂಡಿತ ಸಂಬಂಧ ಇದೆ. ಆದರೆ ತಪ್ಪು ಮಷಿನ್‌ದಲ್ಲ, ನಿಮ್ಮ ಕೇಸ್‌ದು. ಇದು ರೈತರ ದುಡ್ಡಿನ ವಿಷಯ, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಕೋಡಿನ ಪದಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ, ನೀವು ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್‌ನಲ್ಲೇ ಮಾಡಿ. ದರಗಳು ಉದಾಹರಣೆಗೆ ಹಾಕಿಕೊಂಡವು.

ಮೊದಲು ಆ ಎರರ್. ಮೈಎಸ್‌ಕ್ಯೂಎಲ್‌ನಲ್ಲಿ ಇಫ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಪ್ರೊಸೀಜರ್ ಒಳಗೆ ದಾರಿ ಬದಲಿಸುವ ಇಫ್. ಇನ್ನೊಂದು ಸೆಲೆಕ್ಟ್ ಒಳಗೆ ಬರೆಯಬಹುದಾದ ಇಫ್ ಫಂಕ್ಷನ್, ಅದಕ್ಕೆ ಷರತ್ತು, ನಿಜವಾದರೆ ಏನು, ಸುಳ್ಳಾದರೆ ಏನು ಅಂತ ಮೂರು ಕೊಡುತ್ತೀರಿ. ನಿಮ್ಮ ಕೈಗೆ ಎರಡನೆಯದು ಅಭ್ಯಾಸವಾಗಿತ್ತು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಫ್ ಅಂದರೆ ಮೊದಲನೆಯದು ಮಾತ್ರ. ಅದು ಸ್ಟೇಟ್‌ಮೆಂಟ್. ಈ ಕೆಲಸ ಮಾಡು, ಇಲ್ಲವಾದರೆ ಆ ಕೆಲಸ ಮಾಡು ಅಂತ ಹೇಳುತ್ತದೆ. ಯಾವ ಬೆಲೆಯನ್ನೂ, ಅಂದರೆ ವ್ಯಾಲ್ಯೂವನ್ನೂ, ಕೈಗೆ ಕೊಡುವುದಿಲ್ಲ. ಕೇಸ್ ಇದಕ್ಕೆ ಉಲ್ಟಾ. ಅದು ಎಕ್ಸ್‌ಪ್ರೆಷನ್, ಅದರಿಂದ ಬರುವುದು ಒಂದೇ ಒಂದು ಬೆಲೆ. ಕೆಲಸ ಮಾಡಿಸಲು ಅದಕ್ಕೆ ಬರುವುದಿಲ್ಲ. ಕೇಸ್‌ನ ದೆನ್ ಪಕ್ಕದಲ್ಲಿ ಅಪ್‌ಡೇಟ್ ಬರೆಯಲು ಹೋಗುವವರು ತುಂಬಾ ಜನ, ಅದು ಇಲ್ಲಿ ಆಗುವುದಿಲ್ಲ.

ಗೊಂದಲವಾದಾಗ ಒಂದು ಪರೀಕ್ಷೆ ಮಾಡಿ. ಷರತ್ತು ಬರೆಯಬೇಕಾದ ಜಾಗದಲ್ಲಿ ಸುಮ್ನೆ 35 ಅಂತ ಬರೆದು ನೋಡಿ. ವಾಕ್ಯ ಸರಿಯಾಗಿ ನಿಂತರೆ ಅಲ್ಲಿ ಬೇಕಾಗಿರುವುದು ಬೆಲೆ, ಅಂದರೆ ಕೇಸ್. ಸೆಲೆಕ್ಟ್‌ನ ಕಾಲಂ ಜಾಗ, ಅಪ್‌ಡೇಟ್‌ನ ಸೆಟ್ ಜಾಗ ಎರಡೂ ಹೀಗೇ. ಅಲ್ಲಿ 35 ಅಂತ ಬರೆಯುವುದು ಅರ್ಥವೇ ಇಲ್ಲದ್ದಾದರೆ ನಿಮಗೆ ಬೇಕಾಗಿರುವುದು ಇಫ್. ಮೈಎಸ್‌ಕ್ಯೂಎಲ್‌ನ ಇಫ್ ಫಂಕ್ಷನ್ನಿನ ಥರದ್ದೇ ಬೇಕು ಅಂದರೆ ಎಸ್‌ಕ್ಯೂಎಲ್ ಸರ್ವರ್ 2012ರಿಂದ ಐಐಎಫ್ ಇದೆ. ಒಳಗೆ ಅದೂ ಕೇಸ್ ಆಗಿಯೇ ಓಡುತ್ತದೆ. ಎರಡೇ ಆಯ್ಕೆ ಇದ್ದಾಗ ಅದು ಚೆನ್ನ, ಅದಕ್ಕಿಂತ ಹೆಚ್ಚಾದರೆ ಕೇಸ್ ಓದಲು ಸುಲಭ.

ಒಂದು ಮಾತು ಮೆಚ್ಚಿ ಹೇಳಬೇಕು. ಸೆಲೆಕ್ಟ್ ಒಳಗೆ ಇಫ್ ಆಗಲಿಲ್ಲ ಅಂತ ನೀವು ಕರ್ಸರ್ ಹಾಕಿ ಒಂದೊಂದೇ ಸಾಲು ತೆಗೆದು ಇಫ್ ಓಡಿಸಲಿಲ್ಲ. 300 ಸದಸ್ಯರು, ದಿನಕ್ಕೆ ಎರಡು ಹೊತ್ತು, ವಾರಕ್ಕೆ 4,200 ಸಾಲು. ಕರ್ಸರ್ ಇಷ್ಟೂ ಸಲ ಸುತ್ತಬೇಕು. ಕೇಸ್ ಇದ್ದರೆ ಒಂದೇ ಅಪ್‌ಡೇಟ್‌ನಲ್ಲಿ ಮುಗಿಯುತ್ತದೆ.

ಈಗ ಕಮ್ಮಿಯಾದ ದುಡ್ಡು. ನಿಮ್ಮ ಕೇಸ್ ಹೀಗಿದೆ:

ಕೇಸ್
ವೆನ್ ಫ್ಯಾಟ್ ಬಿಟ್ವೀನ್ 3.5 ಆಂಡ್ 3.9 ದೆನ್ 35.00
ವೆನ್ ಫ್ಯಾಟ್ ಬಿಟ್ವೀನ್ 4.0 ಆಂಡ್ 4.4 ದೆನ್ 37.50
ವೆನ್ ಫ್ಯಾಟ್ >= 4.5 ದೆನ್ 40.00
ಎಂಡ್

ಹಳೆ ಮಷಿನ್ ಒಂದು ದಶಮಾಂಶ ಮಾತ್ರ ಕೊಡುತ್ತಿತ್ತು ಅಂತ ನಿಮ್ಮ ಹಳೆಯ ಸಾಲುಗಳನ್ನು ನೋಡಿದರೆ ಗೊತ್ತಾಗುತ್ತದೆ. 3.9 ಆದಮೇಲೆ 4.0. ನಡುವೆ ಏನೂ ಇರಲಿಲ್ಲ. ಹೊಸ ಮಷಿನ್ ಎರಡು ದಶಮಾಂಶ ಕೊಡುತ್ತದೆ. ಒಬ್ಬರ ಹಾಲಿಗೆ 3.95 ಬಂತು. ಅದು 3.9ರ ಒಳಗೂ ಇಲ್ಲ, 4.0ರ ಒಳಗೂ ಇಲ್ಲ. 4.45 ಕೂಡ ಹಾಗೇ ನಡುವೆ ಬಿದ್ದುಹೋಗುತ್ತದೆ. ನಿಮ್ಮ ಕೇಸ್‌ನಲ್ಲಿ ಎಲ್ಸ್ ಇಲ್ಲ. ಎಲ್ಸ್ ಇಲ್ಲದ ಕೇಸ್ ಯಾವುದೂ ಹೊಂದದಿದ್ದಾಗ ಸದ್ದಿಲ್ಲದೆ ನಲ್ ಕೊಡುತ್ತದೆ, ಅಂದರೆ ಬೆಲೆ ಗೊತ್ತಿಲ್ಲ ಅನ್ನುವ ಗುರುತು.

ಅಲ್ಲಿಂದ ಮುಂದೆ ಆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿ. 6.2 ಲೀಟರ್ ಗುಣಿಸು ನಲ್, ಉತ್ತರ ನಲ್. ವಾರದ ಕೊನೆಗೆ ನೀವು ಸಮ್, ಅಂದರೆ ಎಲ್ಲ ಸಾಲು ಕೂಡುವ ಫಂಕ್ಷನ್, ಹಾಕಿದ್ದೀರಿ. ಸಮ್ ನಲ್ ಇರುವ ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹದಿನಾಲ್ಕು ಹೊತ್ತಿನ ಹಾಲಲ್ಲಿ ಒಂದು ಹೊತ್ತಿನದು ಬಿಟ್ಟು ಉಳಿದ ಹದಿಮೂರನ್ನು ಕೂಡಿ ಕೊಟ್ಟಿತು. ಚೀಟಿಯ ಮೇಲೆ ಒಂದು ಸರಿಯಾದ ಸಂಖ್ಯೆ ಥರ ಕಾಣುವ ಸಂಖ್ಯೆ ಬಂತು. ರೈತರು ಅಂದಾಜಿನ ಮೇಲೆ ಕಮ್ಮಿ ಅಂತ ಹೇಳಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಹಾಗೇ ಮುಂದುವರಿಯುತ್ತಿತ್ತು. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಇದೇ ಪ್ರೊಸೀಜರ್ ಓಡಿಸಿ ಮೆಸೇಜಸ್ ಟ್ಯಾಬ್ ತೆರೆದು ನೋಡಿ. ಅಗ್ರಿಗೇಟ್ (ಸಮ್ ಥರ ಹಲವು ಸಾಲು ಸೇರಿಸಿ ಒಂದು ಬೆಲೆ ಕೊಡುವ ಫಂಕ್ಷನ್) ಒಂದು ನಲ್ ಬೆಲೆಯನ್ನು ಕೈಬಿಟ್ಟಿದೆ ಅನ್ನುವ ಎಚ್ಚರಿಕೆ ಅಲ್ಲಿ ಇರುತ್ತದೆ. ಎಲ್ಲರೂ ಅದನ್ನು ದಾಟಿ ಹೋಗುತ್ತಾರೆ. ದುಡ್ಡಿನ ಲೆಕ್ಕದಲ್ಲಿ ಆ ಸಾಲು ಕಂಡರೆ ಅಲ್ಲೇ ನಿಲ್ಲಬೇಕು.

ಸರಿ ಮಾಡುವುದು ಕಷ್ಟವಲ್ಲ. ಕೇಸ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ವೆನ್ ಸಿಕ್ಕ ಕೂಡಲೇ ನಿಲ್ಲುತ್ತದೆ. ಅದನ್ನೇ ಉಪಯೋಗಿಸಿಕೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಿರಿ, ಬಿಟ್ವೀನ್ ಬಿಟ್ಟುಬಿಡಿ:

ಕೇಸ್
ವೆನ್ ಫ್ಯಾಟ್ >= 4.5 ದೆನ್ 40.00
ವೆನ್ ಫ್ಯಾಟ್ >= 4.0 ದೆನ್ 37.50
ವೆನ್ ಫ್ಯಾಟ್ >= 3.5 ದೆನ್ 35.00
ವೆನ್ ಫ್ಯಾಟ್ >= 0 ದೆನ್ 30.00
ಎಂಡ್

ಈಗ ಮೆಟ್ಟಿಲುಗಳ ನಡುವೆ ಸಂದು ಇಲ್ಲ. ಮಷಿನ್ ನಾಳೆ ಮೂರು ದಶಮಾಂಶ ಕೊಟ್ಟರೂ ತೊಂದರೆ ಇಲ್ಲ. ಒಂದೇ ಎಚ್ಚರ, ವೆನ್‌ಗಳ ಸಾಲು ಅದಲು ಬದಲಾಗಬಾರದು. 3.5ರ ಸಾಲು ಮೇಲೆ ಹೋದರೆ 4.8 ಬಂದ ಹಾಲಿಗೂ 35 ರೂಪಾಯಿಯೇ. ಫ್ಯಾಟ್ ಕಾಲಂ ಡೆಸಿಮಲ್ ಆಗಿರಲಿ, ಫ್ಲೋಟ್ ಬೇಡ. ಫ್ಲೋಟ್‌ನಲ್ಲಿ 4.4 ಥರದ ಸಂಖ್ಯೆ ನಿಖರವಾಗಿ ಕೂರುವುದಿಲ್ಲ, ಮೆಟ್ಟಿಲಿನ ಅಂಚಿನಲ್ಲಿ ಇರುವವರಿಗೆ ಇದರಿಂದ ಅನ್ಯಾಯವಾಗಬಹುದು.

ಕೊನೆಗೆ ಎಲ್ಸ್ ಯಾಕೆ ಹಾಕಲಿಲ್ಲ ಅಂತ ನೀವು ಕೇಳಬಹುದು. ನಲ್ ಫ್ಯಾಟ್ ಇರುವ ಸಾಲುಗಳೂ ನಿಮ್ಮಲ್ಲಿವೆ. ಕರೆಂಟ್ ಹೋದಾಗ ಲೀಟರ್ ಬರೆದುಕೊಂಡು ಫ್ಯಾಟ್ ಖಾಲಿ ಬಿಟ್ಟಿರಬೇಕು. ನಲ್ ಅಂದರೆ ಸೊನ್ನೆ ಅಲ್ಲ, ಖಾಲಿ ಅಕ್ಷರವೂ ಅಲ್ಲ. ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ಲದ್ದು 3.5ಕ್ಕಿಂತ ಜಾಸ್ತಿಯಾ ಅಂತ ಕೇಳಿದರೆ ಡೇಟಾಬೇಸ್ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಗೊತ್ತಿಲ್ಲ ಅನ್ನುತ್ತದೆ. ಎಸ್‌ಕ್ಯೂಎಲ್‌ನಲ್ಲಿ ಷರತ್ತಿಗೆ ಹೀಗೆ ಮೂರು ಉತ್ತರ. ಆದರೆ ಇಫ್ ಮತ್ತು ಕೇಸ್‌ಗೆ ಇರುವುದು ಎರಡೇ ಬಾಗಿಲು. ಹೌದು ಅನ್ನುವುದು ಮಾತ್ರ ಮೊದಲ ಬಾಗಿಲಲ್ಲಿ ಹೋಗುತ್ತದೆ. ಇಲ್ಲ, ಗೊತ್ತಿಲ್ಲ ಎರಡೂ ಎಲ್ಸ್ ಬಾಗಿಲಲ್ಲಿ. ನೀವು ಎಲ್ಸ್ 30.00 ಅಂತ ಹಾಕಿದ್ದರೆ ಅಳತೆಯೇ ಆಗದ ಹಾಲಿಗೆ ಅತಿ ಕಮ್ಮಿ ದರ ಬೀಳುತ್ತಿತ್ತು. ಆಗ ನಲ್ ಕೂಡ ಇರುವುದಿಲ್ಲ, ಎಚ್ಚರಿಕೆ ಕೂಡ ಬರುವುದಿಲ್ಲ. ಈಗ ಆಗಿರುವುದಕ್ಕಿಂತ ಕೆಟ್ಟದ್ದು ಅದು.

ಅದಕ್ಕೇ ಈ ಪ್ರಶ್ನೆಯನ್ನು ಕೇಸ್‌ಗೆ ಬಿಡಬೇಡಿ. ಲೆಕ್ಕ ಶುರುವಾಗುವ ಮೊದಲೇ ಇಫ್‌ನಿಂದ ಕೇಳಿ. ಇಫ್ ಎಕ್ಸಿಸ್ಟ್ಸ್ ಅಂತ ಬರೆದು, ಈ ವಾರದ ಸಾಲುಗಳಲ್ಲಿ ಫ್ಯಾಟ್ ಈಸ್ ನಲ್ ಆದದ್ದು ಒಂದಾದರೂ ಇದ್ದರೆ ಥ್ರೋ ಮಾಡಿ, ಅಂದರೆ ನೀವೇ ಎರರ್ ಎಬ್ಬಿಸಿ, ನಿಲ್ಲಿಸಿ. ಥ್ರೋಗೆ 50000ದಿಂದ ಮೇಲಿನ ಒಂದು ನಂಬರ್, ಒಂದು ಮೆಸೇಜ್, ಕೊನೆಗೆ 1 ಕೊಟ್ಟರೆ ಸಾಕು. ಅದರ ಹಿಂದಿನ ಸ್ಟೇಟ್‌ಮೆಂಟ್‌ಗೆ ಸೆಮಿಕೋಲನ್ ಹಾಕುವುದು ಮರೆಯಬೇಡಿ. ಇಷ್ಟು ಸಾಲಿಗೆ ಫ್ಯಾಟ್ ಇಲ್ಲ ಅಂತ ಕಾರ್ಯದರ್ಶಿಗೆ ಕಾಣಲಿ. ಅವರು ಚೀಟಿ ಪುಸ್ತಕ ನೋಡಿ ತುಂಬಲಿ, ಆಮೇಲೆ ಬಟವಾಡೆ ಆಗಲಿ. ಯಾವ ಕೆಲಸ ಮಾಡಬೇಕು, ಮಾಡಬಾರದು ಅನ್ನುವ ತೀರ್ಮಾನ ಇಫ್‌ದು, ಯಾವ ಬೆಲೆ ಅನ್ನುವುದು ಕೇಸ್‌ದು ಅಂತ ಆಗಲೇ ಹೇಳಿದ್ದು ಇದೇ. ಇಲ್ಲಿ ಎಕ್ಸಿಸ್ಟ್ಸ್ ಬದಲು ಕೌಂಟ್ ತೆಗೆದು ಸೊನ್ನೆಗಿಂತ ಜಾಸ್ತಿಯಾ ಅಂತ ನೋಡುವ ಅಭ್ಯಾಸ ಕೆಲವರಿಗಿದೆ. ಒಂದು ಸಾಲು ಸಿಕ್ಕರೆ ಸಾಕು ಅನ್ನುವಾಗ ಎಕ್ಸಿಸ್ಟ್ಸ್ ಅನ್ನೇ ಬರೆಯಿರಿ, ಏನು ಕೇಳುತ್ತಿದ್ದೀರಿ ಅನ್ನುವುದು ಓದುವವರಿಗೂ ಸ್ಪಷ್ಟ.

ನಲ್ ಬಗ್ಗೆ ಇನ್ನೂ ಎರಡು ಹಳ್ಳಗಳಿವೆ. ಕೇಸ್ ಫ್ಯಾಟ್ ವೆನ್ ನಲ್ ದೆನ್ ಅಂತ ಬರೆದರೆ ಅದು ಯಾವತ್ತೂ ಹೊಂದುವುದಿಲ್ಲ. ಆ ರೂಪದ ಕೇಸ್ ಒಳಗೆ ಸಮ ಚಿಹ್ನೆ ಇಟ್ಟೇ ಹೋಲಿಸುತ್ತದೆ, ನಲ್ ಯಾವುದಕ್ಕೂ ಸಮವಲ್ಲ, ಇನ್ನೊಂದು ನಲ್‌ಗೂ ಅಲ್ಲ. ಕೇಸ್ ವೆನ್ ಫ್ಯಾಟ್ ಈಸ್ ನಲ್ ದೆನ್ ಅಂತಲೇ ಬರೆಯಬೇಕು. ಇನ್ನೊಂದು ನಾಟ್ ಇನ್. ಸದಸ್ಯತ್ವ ನಿಂತವರ ನಂಬರ್ ಪಟ್ಟಿ ತೆಗೆದು ನಾಟ್ ಇನ್ ಹಾಕಿದ್ದೀರಿ. ಆ ಪಟ್ಟಿಯಲ್ಲಿ ಒಂದೇ ಒಂದು ನಲ್ ಸೇರಿದರೂ ಇಡೀ ಕ್ವೆರಿ ಖಾಲಿ ಬರುತ್ತದೆ. ನಾಟ್ ಎಕ್ಸಿಸ್ಟ್ಸ್‌ಗೆ ಬದಲಾಯಿಸಿ.

ಕನ್ನಡದಲ್ಲಿ ಡೇಟಾ ಇಡುವವರಿಗೆಂದೇ ಒಂದು ಮಾತು. ನಿಮ್ಮ ಇನ್ನೊಂದು ಕೇಸ್‌ನಲ್ಲಿ ಹಾಲಿನ ಬಗೆ 'ಎಮ್ಮೆ' ಆದರೆ ಬೇರೆ ದರ ಅಂತಿದೆ. ಆ ಕೋಟ್ ಶುರುವಾಗುವ ಮೊದಲು ದೊಡ್ಡ ಎನ್ ಅಕ್ಷರ ಹಾಕಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎನ್ ಇಲ್ಲದ ಕನ್ನಡ ಪದ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗುತ್ತದೆ. ಕಾಲಂನಲ್ಲಿ ಎಮ್ಮೆ ಇದೆ, ಷರತ್ತಿನಲ್ಲಿ ಪ್ರಶ್ನೆ ಚಿಹ್ನೆಗಳಿವೆ, ಹೊಂದುವುದು ಹೇಗೆ? ಎಮ್ಮೆ ಹಾಲು ಹಾಕುವವರಿಗೆ ಹಸುವಿನ ಹಾಲಿನ ದರ ಹೋಗುತ್ತಿರುತ್ತದೆ. ಎಮ್ಮೆ ಹಾಲಿನ ಫ್ಯಾಟ್ ಹಸುವಿನದಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಇದು ಚಿಲ್ಲರೆ ನಷ್ಟವಲ್ಲ. ಕಾಲಂ ಎನ್‌ವಾರ್‌ಚಾರ್ (ಕನ್ನಡ ಅಕ್ಷರ ಹಿಡಿಯುವ ಟೈಪ್) ಇರಬೇಕು, ಪದದ ಕೋಟ್‌ಗೆ ಮೊದಲು ಎನ್ ಇರಬೇಕು. ಇನ್ನೂ ಒಳ್ಳೆಯದು ಅಂದರೆ ಷರತ್ತಿನಲ್ಲಿ ಕನ್ನಡ ಪದವನ್ನೇ ಹೋಲಿಸದೆ 1, 2 ಅಂತ ಕೋಡ್ ಇಟ್ಟುಕೊಂಡು, ಹೆಸರನ್ನು ತೋರಿಸುವಾಗ ಮಾತ್ರ ತರುವುದು.

ಕೇಸ್‌ನಿಂದ ಹೊರಬರುವ ಬೆಲೆಯ ಟೈಪ್ ಬಗ್ಗೆಯೂ ಹೇಳಿಬಿಡುತ್ತೇನೆ. ಚೀಟಿ ಮುದ್ರಿಸುವ ಪ್ರೊಸೀಜರ್‌ನಲ್ಲಿ ದರ ಇದ್ದರೆ ದರ, ಇಲ್ಲದಿದ್ದರೆ 'ರೀಡಿಂಗ್ ಇಲ್ಲ' ಅಂತ ತೋರಿಸಲು ಕೇಸ್ ಹಾಕಿದ್ದೀರಿ. ಒಂದು ಕಡೆ ಡೆಸಿಮಲ್, ಇನ್ನೊಂದು ಕಡೆ ಅಕ್ಷರ. ಕೇಸ್‌ನ ಎಲ್ಲ ಕವಲುಗಳಿಗೂ ಸೇರಿ ಒಂದೇ ಟೈಪ್. ಕವಲುಗಳಲ್ಲಿ ಯಾವ ಟೈಪ್‌ಗೆ ಪ್ರಾಶಸ್ತ್ಯ ಜಾಸ್ತಿಯೋ ಅದೇ ಗೆಲ್ಲುತ್ತದೆ, ಅಕ್ಷರಕ್ಕಿಂತ ಡೆಸಿಮಲ್‌ಗೆ ಜಾಸ್ತಿ. ಹಾಗಾಗಿ 'ರೀಡಿಂಗ್ ಇಲ್ಲ' ಅನ್ನುವುದನ್ನು ಸಂಖ್ಯೆ ಮಾಡಲು ಹೋಗಿ ಎರರ್ ಬರುತ್ತದೆ. ಇದರ ಕೆಟ್ಟ ಗುಣ ಏನೆಂದರೆ, ಅಂಥ ಸಾಲು ಬರುವ ತನಕ ಎಲ್ಲವೂ ಸರಿಯಾಗಿಯೇ ಓಡುತ್ತಿರುತ್ತದೆ. ಒಂದು ದಿನ ರೀಡಿಂಗ್ ಇಲ್ಲದ ಒಂದು ಸಾಲು ಬರುತ್ತದೆ, ಇಡೀ ಡೇರಿಯ ಚೀಟಿ ನಿಂತುಹೋಗುತ್ತದೆ. ದರವನ್ನು ಮೊದಲೇ ಕಾಸ್ಟ್ ಮಾಡಿ ಅಕ್ಷರವಾಗಿಸಿ. ರೈತರು ಆರಿಸಿದ ಕಾಲಂ ಪ್ರಕಾರ ಆರ್ಡರ್ ಬೈ ಒಳಗೆ ಕೇಸ್ ಹಾಕುವಾಗಲೂ ಇದೇ ತೊಂದರೆ. ಹೆಸರು, ತಾರೀಖು, ಮೊತ್ತ ಮೂರನ್ನೂ ಒಂದೇ ಕೇಸ್‌ನಲ್ಲಿ ತುಂಬಬೇಡಿ. ಒಂದೊಂದಕ್ಕೆ ಒಂದೊಂದು ಕೇಸ್ ಬರೆದು ನಡುವೆ ಅಲ್ಪವಿರಾಮ ಹಾಕಿ.

ಸೊನ್ನೆಯಿಂದ ಭಾಗಿಸುವ ಎರರ್ ತಪ್ಪಿಸಲು ನೀವು ವೇರ್‌ನಲ್ಲಿ ಮೊದಲು ಲೀಟರ್ > 0, ಆಮೇಲೆ ಆಂಡ್ ಹಾಕಿ ಮೊತ್ತ ಭಾಗಿಸು ಲೀಟರ್ ಅಂತ ಬರೆದಿದ್ದೀರಿ. ಬೇರೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಎಡದ್ದು ಸುಳ್ಳಾದರೆ ಬಲದ್ದನ್ನು ನೋಡುವುದಿಲ್ಲ. ಇಲ್ಲಿ ಆ ಭರವಸೆ ಇಲ್ಲ. ವೇರ್ ಒಳಗಿನ ಷರತ್ತುಗಳನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದು ಕ್ವೆರಿ ಓಡುವ ದಾರಿ ಆರಿಸುವ ಆಪ್ಟಿಮೈಸರ್‌ಗೆ ಬಿಟ್ಟದ್ದು. ನಲ್‌ಇಫ್ ಬಳಸಿ. ಲೀಟರ್ ಸೊನ್ನೆಯಾದರೆ ಅದನ್ನು ನಲ್ ಮಾಡುತ್ತದೆ, ಭಾಗಾಕಾರದ ಉತ್ತರವೂ ನಲ್ ಆಗುತ್ತದೆ, ಎರರ್ ಬರುವುದಿಲ್ಲ. ಕೇಸ್ ಒಳಗೆ ಹಾಕಿದರೂ ಬಹುತೇಕ ಸರಿ. ಆದರೆ ಸಮ್, ಮ್ಯಾಕ್ಸ್ ಥರದ ಅಗ್ರಿಗೇಟ್ ಒಳಗೆ ಭಾಗಾಕಾರ ಇದ್ದರೆ ಕೇಸ್ ಕೂಡ ಕಾಪಾಡುವುದಿಲ್ಲ, ಅಗ್ರಿಗೇಟ್ ಮೊದಲು ಲೆಕ್ಕವಾಗಿ ಆಮೇಲೆ ಕೇಸ್ ಸರದಿ ಬರುತ್ತದೆ.

ಇಫ್‌ನ ಕಡೆಗೆ ಬರೋಣ. ನಿಮ್ಮ ಕೋಡ್‌ನಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ವಾರ ಮುಗಿಸುವ ಪ್ರೊಸೀಜರ್. ಇಫ್ ಕೆಳಗೆ ಎರಡು ಸಾಲು, ಎರಡನ್ನೂ ಒಳಕ್ಕೆ ಸರಿಸಿ ಅಂದವಾಗಿ ಬರೆದಿದ್ದೀರಿ. ಒಂದು ಹಳೆ ಟೇಬಲ್‌ಗೆ ನಕಲು ಮಾಡುವ ಇನ್ಸರ್ಟ್, ಇನ್ನೊಂದು ಡಿಲೀಟ್. ಬಿಗಿನ್ ಎಂಡ್ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬಿಗಿನ್ ಎಂಡ್ ಇಲ್ಲದ ಇಫ್‌ಗೆ ಸೇರುವುದು ಅದರ ಮುಂದಿನ ಒಂದೇ ಒಂದು ಸ್ಟೇಟ್‌ಮೆಂಟ್. ಎಷ್ಟು ಒಳಗೆ ಸರಿಸಿ ಬರೆದರೂ ಲೆಕ್ಕಕ್ಕಿಲ್ಲ. ಷರತ್ತು ಸುಳ್ಳಾದ ದಿನ ಇನ್ಸರ್ಟ್ ಆಗುವುದಿಲ್ಲ, ಡಿಲೀಟ್ ಮಾತ್ರ ಆಗುತ್ತದೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಇದು ನನ್ನ ಕೈಯಿಂದಲೇ ಆಗಿದೆ. ಒಂದು ಸಣ್ಣ ಕಂಪನಿಯ ದಿನದ ವಹಿವಾಟು ಇಡುವ ಟೇಬಲ್. ಇದೇ ಇಫ್, ಇದೇ ಇನ್ಸರ್ಟ್, ಇದೇ ಡಿಲೀಟ್. ತಿಂಗಳುಗಟ್ಟಲೆ ಷರತ್ತು ನಿಜವೇ ಆಗುತ್ತಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಒಂದು ಸಂಜೆ ಸುಳ್ಳಾಯಿತು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಆ ದಿನದ್ದು ಇರಲಿಲ್ಲ. ಅಲ್ಲಿನ ನಾಲ್ಕು ಜನ ಗುಮಾಸ್ತರು ರಾತ್ರಿ ಕೂತು ಕಾಗದದ ಬಿಲ್ ನೋಡಿಕೊಂಡು ಮತ್ತೆ ಟೈಪ್ ಮಾಡಿದರು. ನಾನೂ ಅವರ ಜೊತೆ ಕೂತಿದ್ದೆ. ಅವರು ಒಂದು ಮಾತೂ ಬೈಯಲಿಲ್ಲ. ಆವತ್ತಿನಿಂದ ಒಂದೇ ಸಾಲಿದ್ದರೂ ಇಫ್‌ಗೆ ಬಿಗಿನ್ ಎಂಡ್ ಹಾಕದೆ ನಾನು ಬಿಟ್ಟದ್ದಿಲ್ಲ. ನೀವೂ ಇವತ್ತೇ ಹಾಕಿ. ಇನ್ಸರ್ಟ್ ಮತ್ತು ಡಿಲೀಟ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ತನ್ನಿ (ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು), ಮೇಲೆ ಎಕ್ಸ್‌ಆಕ್ಟ್ ಅಬಾರ್ಟ್ ಆನ್ ಮಾಡಿ, ನಡುವೆ ಎರರ್ ಬಂದರೆ ಎಲ್ಲವನ್ನೂ ಅದು ರದ್ದು ಮಾಡುತ್ತದೆ.

ಇನ್ನೊಂದು ಇಫ್ ಇದೆ, ಹಾಲು ಅಳೆಯುವಾಗ ಎಂಟ್ರಿ ಮಾಡುವುದು. ಸದಸ್ಯರ ನಂಬರ್, ತಾರೀಖು, ಹೊತ್ತು ಈಗಾಗಲೇ ಇದ್ದರೆ ಅಪ್‌ಡೇಟ್, ಇಲ್ಲದಿದ್ದರೆ ಇನ್ಸರ್ಟ್. ಒಂದೇ ಕಂಪ್ಯೂಟರ್ ಇದ್ದಾಗ ಸರಿ. ಈಗ ನಿಮ್ಮಲ್ಲಿ ಎರಡು ಕೌಂಟರ್ ಇವೆ. ಎರಡೂ ಕಡೆಯಿಂದ ಒಂದೇ ಕ್ಷಣಕ್ಕೆ ಇದೆಯಾ ಅಂತ ಕೇಳಿದರೆ ಇಬ್ಬರಿಗೂ ಇಲ್ಲ ಅನ್ನುವ ಉತ್ತರ ಸಿಗಬಹುದು, ಇಬ್ಬರೂ ಇನ್ಸರ್ಟ್ ಮಾಡುತ್ತಾರೆ. ಕೇಳಿದ ಕ್ಷಣಕ್ಕೂ ಬರೆದ ಕ್ಷಣಕ್ಕೂ ನಡುವೆ ಇರುವ ಸಂದು ಇದು. ಮೊದಲು ಆ ಮೂರು ಕಾಲಂ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಥರದ ಎರಡು ಸಾಲು ಬಿಡದ ನಿಯಮ) ಹಾಕಿ, ಕೋಡ್ ತಪ್ಪಿದರೂ ಟೇಬಲ್ ಬಿಡುವುದಿಲ್ಲ. ಆಮೇಲೆ ಟ್ರಾನ್ಸಾಕ್ಷನ್ ಒಳಗೆ, ಅಪ್‌ಡ್‌ಲಾಕ್ ಮತ್ತು ಸೀರಿಯಲೈಸಬಲ್ ಹಿಂಟ್ (ಇನ್ನೊಬ್ಬರು ನಡುವೆ ನುಗ್ಗದಂತೆ ಬೀಗ ಹಾಕುವ ಸೂಚನೆ) ಕೊಟ್ಟು ಮೊದಲು ಅಪ್‌ಡೇಟ್ ಮಾಡಿ. ರೋಕೌಂಟ್, ಅಂದರೆ ಬದಲಾದ ಸಾಲುಗಳ ಎಣಿಕೆ, ಸೊನ್ನೆ ಬಂದರೆ ಇನ್ಸರ್ಟ್ ಮಾಡಿ. ರೋಕೌಂಟ್ ಬೆಲೆಯನ್ನು ಅಪ್‌ಡೇಟ್ ಆದ ಮರುಸಾಲಿನಲ್ಲೇ ಒಂದು ವೇರಿಯಬಲ್‌ಗೆ ಎತ್ತಿಟ್ಟುಕೊಳ್ಳಿ. ಅದನ್ನು ನೋಡುವ ಇಫ್ ಕೂಡ ಅದನ್ನು ಸೊನ್ನೆ ಮಾಡಿಬಿಡುತ್ತದೆ, ಎರಡನೇ ಸಲ ನೋಡಿದರೆ ತಪ್ಪು ಉತ್ತರ ಸಿಗುತ್ತದೆ.

ಇನ್ನು ನಿಧಾನವಾಗಿರುವ ರಿಪೋರ್ಟ್. ನೀವು ಬರೆದಿರುವುದು ಎಲ್ಲರೂ ಬರೆಯುವಂಥದ್ದೇ: ಊರಿನ ಪ್ಯಾರಾಮೀಟರ್ (ಪ್ರೊಸೀಜರ್‌ಗೆ ಹೊರಗಿನಿಂದ ಕೊಡುವ ಬೆಲೆ) ನಲ್ ಆಗಿರಬೇಕು ಆರ್ ಊರು ಅದಕ್ಕೆ ಸಮ ಇರಬೇಕು, ತಾರೀಖಿಗೂ ಹಾಗೇ. ಉತ್ತರ ಸರಿ ಬರುತ್ತದೆ. ತೊಂದರೆ ಬೇರೆ. ಪ್ರೊಸೀಜರ್ ಮೊದಲ ಸಲ ಓಡಿದಾಗ ಒಂದು ಪ್ಲಾನ್, ಅಂದರೆ ಉತ್ತರ ಹುಡುಕುವ ದಾರಿ, ತಯಾರಾಗಿ ಮೆಮೊರಿಯಲ್ಲಿ ಕೂರುತ್ತದೆ, ಮುಂದಿನ ಸಲಗಳಿಗೂ ಅದೇ. ಊರು ಕೊಟ್ಟಾಗಲೂ ಕೊಡದಾಗಲೂ ಸರಿ ಉತ್ತರ ಕೊಡುವ ಪ್ಲಾನ್ ಬೇಕಾದ್ದರಿಂದ, ಊರಿನ ಮೇಲೆ ಇಂಡೆಕ್ಸ್ ಇದ್ದರೂ ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ಅದಕ್ಕಿಲ್ಲ. ಇಡೀ ಟೇಬಲ್ ಓದುತ್ತದೆ.

ಕ್ವೆರಿಯ ಕೊನೆಗೆ ಆಪ್ಷನ್ ರೀಕಂಪೈಲ್ ಹಾಕಿ ನೋಡಿ. ಪ್ರತಿ ಸಲವೂ ಆ ಹೊತ್ತಿನ ಬೆಲೆ ನೋಡಿ ಹೊಸ ಪ್ಲಾನ್ ಆಗುತ್ತದೆ, ನಲ್ ಆದ ಪ್ಯಾರಾಮೀಟರ್‌ನ ಷರತ್ತೇ ಬಿದ್ದುಹೋಗುತ್ತದೆ. ಪ್ಲಾನ್ ಮಾಡುವ ಖರ್ಚು ಪ್ರತಿ ಸಲವೂ ಇದೆ. ಆದರೆ ದಿನಕ್ಕೆ ಹತ್ತಿಪ್ಪತ್ತು ಸಲ ತೆಗೆಯುವ ರಿಪೋರ್ಟ್‌ಗೆ ಅದು ಏನೂ ಅಲ್ಲ. ಸೆಕೆಂಡಿಗೆ ನೂರಾರು ಸಲ ಓಡುವುದಾದರೆ ಎಸ್‌ಪಿ ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್ ಬಳಸಿ, ಕೊಟ್ಟಿರುವ ಷರತ್ತುಗಳನ್ನು ಮಾತ್ರ ಸೇರಿಸಿ ಕ್ವೆರಿ ಕಟ್ಟಿ. ಬೆಲೆಗಳನ್ನು ಮಾತ್ರ ಪ್ಯಾರಾಮೀಟರ್ ಆಗಿಯೇ ಕಳಿಸಬೇಕು, ಅಕ್ಷರಕ್ಕೆ ಅಕ್ಷರ ಅಂಟಿಸಿದರೆ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಹೊರಗಿನವರು ತಮ್ಮ ಕೋಡ್ ನುಗ್ಗಿಸುವುದಕ್ಕೆ) ಬಾಗಿಲು ತೆರೆದಂತೆ. ಇಫ್ ಹಾಕಿ ನಾಲ್ಕು ಬೇರೆ ಸೆಲೆಕ್ಟ್ ಬರೆಯುವ ದಾರಿಯೂ ಇದೆ, ನನಗೆ ಅದು ಹಿಡಿಸುವುದಿಲ್ಲ. ಮೊದಲ ಸಲ ಓಡುವಾಗ ಆ ಸಲ ಬಳಸದ ಕವಲುಗಳಿಗೂ ಅದೇ ಪ್ಯಾರಾಮೀಟರ್ ನೋಡಿ ಪ್ಲಾನ್ ಆಗಿಬಿಡುತ್ತದೆ. ಜೊತೆಗೆ ಒಂದು ಕಡೆ ತಿದ್ದಿದ್ದನ್ನು ನಾಲ್ಕು ಕಡೆ ತಿದ್ದಬೇಕು.

ಊರು = ಈಸ್‌ನಲ್(ಪ್ಯಾರಾಮೀಟರ್, ಊರು) ಅಂತ ಚಿಕ್ಕದಾಗಿ ಬರೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಬೇಡ ಅನ್ನಿ. ಊರು ಕಾಲಂ ಖಾಲಿ ಇರುವ ಸದಸ್ಯರು, ಊರನ್ನೇ ಕೇಳದ ರಿಪೋರ್ಟ್‌ನಲ್ಲೂ ಮಾಯವಾಗುತ್ತಾರೆ. ನಲ್ ನಲ್‌ಗೆ ಸಮವಲ್ಲ ಅಲ್ವಾ, ಅದಕ್ಕೆ.

ಮೈಎಸ್‌ಕ್ಯೂಎಲ್‌ಗೆ ಮತ್ತೆ ಹೋಗುವ ಯೋಚನೆ ಇದ್ದರೆ ಎರಡು ವಿಷಯ ನೆನಪಿರಲಿ. ಅಲ್ಲಿ ಪ್ರೊಸೀಜರ್ ಒಳಗೆ ಕೇಸ್ ಸ್ಟೇಟ್‌ಮೆಂಟ್ ಕೂಡ ಇದೆ, ಎಂಡ್ ಕೇಸ್ ಅಂತ ಮುಗಿಯುತ್ತದೆ. ಯಾವ ವೆನ್ ಕೂಡ ಹೊಂದದೆ ಎಲ್ಸ್ ಕೂಡ ಇಲ್ಲದಿದ್ದರೆ ಅದು ನಲ್ ಕೊಡುವುದಿಲ್ಲ, 1339 ನಂಬರಿನ ಎರರ್ ಎಸೆಯುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನ ಕೇಸ್ ಸ್ಟೇಟ್‌ಮೆಂಟ್ ಕೂಡ ಹಾಗೇ ಎರರ್ ಕೊಡುತ್ತವೆ, ನನಗೆ ಆ ಗುಣ ತುಂಬಾ ಇಷ್ಟ. ಎರಡನೆಯದು, ಮೈಎಸ್‌ಕ್ಯೂಎಲ್‌ನಲ್ಲಿ ಪ್ಯಾರಾಮೀಟರ್‌ಗೂ ಕಾಲಂಗೂ ಒಂದೇ ಹೆಸರಿದ್ದರೆ ಪ್ಯಾರಾಮೀಟರ್ ಗೆಲ್ಲುತ್ತದೆ. ವೇರ್ ಸದಸ್ಯ = ಸದಸ್ಯ ಅಂದರೆ ಪ್ಯಾರಾಮೀಟರ್ ತನಗೆ ತಾನೇ ಸಮ, ನಲ್ ಕೊಡದಿದ್ದರೆ ಯಾವಾಗಲೂ ನಿಜ. ಅಪ್‌ಡೇಟ್ ಎಲ್ಲ ಸದಸ್ಯರಿಗೂ ಆಗುತ್ತದೆ. ಪ್ಯಾರಾಮೀಟರ್ ಹೆಸರಿನ ಮೊದಲಿಗೆ ಪಿ ಅಂತ ಸೇರಿಸಿಕೊಳ್ಳಿ.

ಕೊನೆಗೆ ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ದರವನ್ನು ಕೇಸ್‌ನಿಂದಲೇ ತೆಗೆದುಬಿಡುತ್ತಿದ್ದೆ. ದರ ಬದಲಾದಾಗಲೆಲ್ಲ ನಿಮಗೆ ಫೋನ್ ಬರುತ್ತದೆ, ನೀವು ಪ್ರೊಸೀಜರ್ ತಿದ್ದುತ್ತೀರಿ. ತಿದ್ದಿದ ಮೇಲೆ ಹಳೆ ವಾರದ ಚೀಟಿ ಮತ್ತೆ ತೆಗೆದರೆ ಹೊಸ ದರ ಬೀಳುತ್ತದೆ. ಇದು ಕೋಡ್ ಅಲ್ಲ, ಡೇಟಾ. ದರಪಟ್ಟಿ ಅಂತ ಒಂದು ಟೇಬಲ್ ಮಾಡಿ: ಹಾಲಿನ ಬಗೆ, ಯಾವ ತಾರೀಖಿನಿಂದ, ಎಷ್ಟು ಫ್ಯಾಟ್‌ನಿಂದ, ದರ. ಇಂತಿಷ್ಟರ ತನಕ ಅನ್ನುವ ಕಾಲಂ ಬೇಡ, ಅದು ಬಂದರೆ ಮತ್ತೆ 3.9 ಮತ್ತು 4.0ರ ನಡುವಿನ ಸಂದು ಬರುತ್ತದೆ. ಪ್ರತಿ ಹಾಲಿನ ಸಾಲಿಗೂ ಔಟರ್ ಅಪ್ಲೈ ಹಾಕಿ. ಒಳಗೆ ಅದೇ ಬಗೆಯ, ಆ ದಿನಕ್ಕೆ ಅಥವಾ ಅದಕ್ಕೆ ಮೊದಲು ಜಾರಿಯಾದ, ಫ್ಯಾಟ್‌ಗೆ ಸಮ ಅಥವಾ ಕಮ್ಮಿ ಇರುವ ಮೆಟ್ಟಿಲುಗಳಲ್ಲಿ ತಾರೀಖು ಇಳಿಕೆ, ಫ್ಯಾಟ್ ಇಳಿಕೆ ಕ್ರಮದಲ್ಲಿ ಟಾಪ್ 1 ತೆಗೆಯಿರಿ. ಪ್ರತಿ ಹೊಸ ಪಟ್ಟಿಯಲ್ಲೂ ಎಲ್ಲ ಮೆಟ್ಟಿಲು ಇರಬೇಕು, ಅತಿ ಕೆಳಗಿನದು 0ಯಿಂದ ಶುರುವಾಗಬೇಕು. ಇಲ್ಲದಿದ್ದರೆ ಕಮ್ಮಿ ಫ್ಯಾಟ್ ಹಾಲು ಹಳೆ ಪಟ್ಟಿಗೆ ಜಾರುತ್ತದೆ. ಕ್ರಾಸ್ ಅಪ್ಲೈ ಹಾಕಬೇಡಿ, ದರ ಸಿಗದ ಸಾಲನ್ನೇ ಅದು ಕೈಬಿಡುತ್ತದೆ. ಸಾಲು ಉಳಿದು ದರ ನಲ್ ಆಗಿ ಕಂಡರೆ ಆಗಲೇ ಹೇಳಿದ ಇಫ್ ಎಕ್ಸಿಸ್ಟ್ಸ್ ಅದನ್ನೂ ಹಿಡಿದು ನಿಲ್ಲಿಸಲಿ.

ಪರೀಕ್ಷೆಗೆ 3.49, 3.5, 3.95, 4.45, 4.5, ನಲ್, ಎಮ್ಮೆ ಹಾಲಿನ ಒಂದು 6.8, ಇಷ್ಟು ಸಾಲು ಹಾಕಿ ಕೈಲೆಕ್ಕದ ಜೊತೆ ಹೋಲಿಸಿ.

ಆದರೆ ಇದೆಲ್ಲಕ್ಕಿಂತ ಮೊದಲು ಇವತ್ತು ಒಂದು ಕೆಲಸ ಮಾಡಿ. ಹೊಸ ಮಷಿನ್ ಬಂದ ದಿನದಿಂದ ಈಚೆಗೆ ದರ ಈಸ್ ನಲ್ ಆದ ಸಾಲುಗಳನ್ನು ಸದಸ್ಯರ ನಂಬರ್ ಪ್ರಕಾರ ತೆಗೆಯಿರಿ. ಎಸ್‌ಕ್ಯೂಎಲ್ ಸರ್ವರ್‌ಗೆ ಬಂದಮೇಲಿನ ಎಮ್ಮೆ ಹಾಲಿನ ಸಾಲುಗಳನ್ನೂ ಬೇರೆಯಾಗಿ ತೆಗೆಯಿರಿ. ಲೀಟರ್, ಫ್ಯಾಟ್, ಬರಬೇಕಿದ್ದ ದರ, ಕೊಡಬೇಕಾದ ವ್ಯತ್ಯಾಸ ನಾಲ್ಕೂ ಇರಲಿ. ಬಂದು ಕೇಳಿದ ರೈತರ ಹೆಸರಷ್ಟೇ ಅಲ್ಲ, ಕೇಳದೆ ಸುಮ್ಮನಿದ್ದವರ ಹೆಸರೂ ಆ ಪಟ್ಟಿಯಲ್ಲಿ ಸಿಗುತ್ತದೆ. ಅದನ್ನು ಮುದ್ರಿಸಿ ಕಾರ್ಯದರ್ಶಿ ಕೈಗೆ ಕೊಡಿ, ಮುಂದಿನ ಬಟವಾಡೆಯಲ್ಲೇ ಅವರೆಲ್ಲರ ಬಾಕಿ ಸೇರಿಹೋಗಲಿ.